ಖಾಲಿ ಸೀಟಿನ ಲೆಕ್ಕ

ಲೇತ್ ಮುಂದೆ ನಿಂತು ಕೆಲಸ ಕಲಿಯುವ ಹುಡುಗ ತರಬೇತಿಯನ್ನು ಅರ್ಧಕ್ಕೆ ಬಿಟ್ಟರೆ ಯಾರು ಯಾರಿಗೆ ಹಣ ತೆರಬೇಕು ಎಂಬುದನ್ನು ಭಾರತದ ಸಂಸತ್ತು 1961ರಲ್ಲೇ ಕಾನೂನಾಗಿ ಬರೆದಿಟ್ಟಿತು. ಆ ವರ್ಷದ ಅಪ್ರೆಂಟಿಸ್ ಕಾಯ್ದೆಯ 7ನೇ ಸೆಕ್ಷನ್ ಎರಡೂ ಕಡೆಯ ಲೆಕ್ಕ ಹೇಳುತ್ತದೆ. ಕರಾರು ಮುರಿದದ್ದು ಮಾಲೀಕನ ತಪ್ಪಿನಿಂದಾದರೆ ಹುಡುಗನಿಗೆ ಪರಿಹಾರ ಸಿಗಬೇಕು. ಹುಡುಗನ ತಪ್ಪಿನಿಂದಾದರೆ ತರಬೇತಿಯ ವೆಚ್ಚವನ್ನು ಅವನೋ ಅವನ ಪೋಷಕರೋ ಹಿಂದಿರುಗಿಸಬೇಕು. ಎಷ್ಟು ಎಂಬುದನ್ನು ತೀರ್ಮಾನಿಸುವವನು ಮಾಲೀಕನಲ್ಲ, ಅಪ್ರೆಂಟಿಸ್‌ಶಿಪ್ ಸಲಹೆಗಾರನೆಂಬ ಅಧಿಕಾರಿ. 1970ರ ದಶಕದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡುಗಳು ಒಂದೊಂದಾಗಿ ಎದ್ದಾಗ ಅಲ್ಲಿಗೆ ಅಪ್ರೆಂಟಿಸ್ ಆಗಿ ಬಂದ ಐಟಿಐ ಹುಡುಗರಿಗೆ ಈ ಕಾಯ್ದೆ ಆಗಲೇ ಇತ್ತು.

ಅದೇ ಮನೆಯಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋದ ತಮ್ಮನಿಗೋ ತಂಗಿಗೋ ಅಂಥ ಒಂದು ಲೆಕ್ಕ ಕಾಗದದ ಮೇಲೆ ಬರಲು 2007ರವರೆಗೆ ಕಾಯಬೇಕಾಯಿತು. ನಡುವಿನ ನಲವತ್ತಾರು ವರ್ಷಗಳಲ್ಲಿ ಕರ್ನಾಟಕ ಇಡೀ ದೇಶಕ್ಕೆ ಖಾಸಗಿ ವೃತ್ತಿಶಿಕ್ಷಣದ ದಾರಿ ತೋರಿಸಿತು. ಡೊನೇಶನ್ ಎಷ್ಟು, ಸೀಟು ಯಾರಿಗೆ, ಪರೀಕ್ಷೆ ಯಾರು ನಡೆಸಬೇಕು ಎಂದು ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಯಿತು. ಆ ಜಗಳಗಳೆಲ್ಲ ನಡೆದದ್ದು ಒಳಗೆ ಬರುವ ಬಾಗಿಲಲ್ಲಿ. ಹೊರಗೆ ಹೋಗುವವನ ಕಡೆ ಯಾರೂ ಹೆಚ್ಚು ನೋಡಲಿಲ್ಲ.

ಡೊನೇಶನ್ನಿನ ಕಾಲಕ್ಕೂ ಮೊದಲು, ಹಳೆಯ ಮೈಸೂರು ಸೀಮೆಯಲ್ಲಿ ಓದುವ ಬಡ ಹುಡುಗನಿಗೆ ಸಿಗುತ್ತಿದ್ದ ನೆರವು ಬೇರೆ ಬಗೆಯದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಎಂದು ಸರದಿಯ ಮೇಲೆ ಊಟ ಹಾಕುವ ವಾರಾನ್ನ ಕೆಲವು ಜಾತಿಗಳ ಹುಡುಗರನ್ನು ಪೇಟೆಯ ಶಾಲೆಗಳಲ್ಲಿ ಉಳಿಸಿತು. ಆ ಪಂಕ್ತಿಯಲ್ಲಿ ಜಾಗವಿಲ್ಲದವರಿಗಾಗಿ ಮಠಗಳೂ ಸಮುದಾಯದ ಸಂಘಗಳೂ ವಿದ್ಯಾರ್ಥಿನಿಲಯ ಕಟ್ಟಿದವು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರ ವಿದ್ಯಾರ್ಥಿವೇತನ ಕೊಡಬೇಕೆಂದಿತು. ಇವುಗಳಲ್ಲಿ ಸಂಸ್ಥಾನದ ಹಣವೂ ಇತ್ತು, ಊರವರ ಹಣವೂ ಇತ್ತು. ಓದು ನಿಲ್ಲಿಸಿ ಊರಿಗೆ ಮರಳಿದವನು ತಲೆ ತಗ್ಗಿಸಿ ಹೋಗಿರಬಹುದು, ಆದರೆ ಉಂಡ ಅನ್ನಕ್ಕೆ ಸಾಲಗಾರನಾಗಿ ಹೋಗಲಿಲ್ಲ. ವಿಶ್ವೇಶ್ವರಯ್ಯನವರೇ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಮೈಸೂರಿಗೆ ಅವರು ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಇಪ್ಪತ್ತೈದು ವರ್ಷ ಕಾದ ಹೂಡಿಕೆ ಅದು.

1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಕಟ್ಟಿದರು. ಸರ್ಕಾರದ ಅನುದಾನಕ್ಕೆ ಕೈಚಾಚದೆ, ಸೇರುವ ವಿದ್ಯಾರ್ಥಿಗಳಿಂದಲೇ ದೊಡ್ಡ ಮೊತ್ತ ಪಡೆದು ಕಾಲೇಜು ನಡೆಸುವ ದಾರಿ ಅಲ್ಲಿಂದ ಗಟ್ಟಿಯಾಯಿತು. ಜನ ಅದನ್ನು ಡೊನೇಶನ್ ಎಂದರು, ಸರ್ಕಾರಿ ಕಡತ ಕ್ಯಾಪಿಟೇಶನ್ ಎಂದಿತು. ಮಣಿಪಾಲದಿಂದ ಆ ನಾಡಿಗೆ ಬಂದ ಒಳಿತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೀಗೆ ಕೊಟ್ಟ ಹಣ ಸೀಟಿನ ಬೆಲೆಯಾಗಿಬಿಟ್ಟಿತು. ಪಾಠಕ್ಕೆ ಕೊಟ್ಟ ಹಣವಾದರೆ ಪಾಠ ಕೇಳದವನು ಹಿಂದಕ್ಕೆ ಕೇಳಬಹುದು. ಸೀಟಿಗೆ ಕೊಟ್ಟ ಹಣವನ್ನು ಯಾವ ಬಾಯಿಂದ ಕೇಳುವುದು? ಕಾಲೇಜು ಬಿಟ್ಟವನಿಗೆ ಏನೂ ಸಿಗದ ಪದ್ಧತಿಯ ಬೇರು ಇಲ್ಲಿದೆ.

ಡೊನೇಶನ್ನಿನ ವಿರುದ್ಧ ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1989ರ ಜೂನ್‌ನಲ್ಲಿ ಹೊರಟ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಮೂರು ಮೆಟ್ಟಿಲಾಗಿ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡನಾಡಿನವರಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಅಗಳಕೋಟೆಯ ಸಿದ್ಧಾರ್ಥ ಮೆಡಿಕಲ್ ಕಾಲೇಜಿನಲ್ಲಿ 60,000 ಕೊಡಲಾಗದ ಉತ್ತರಪ್ರದೇಶದ ವಿದ್ಯಾರ್ಥಿನಿಯ ದೂರೇ 1992ರಲ್ಲಿ ಸುಪ್ರೀಂ ಕೋರ್ಟಿನ ಮೋಹಿನಿ ಜೈನ್ ತೀರ್ಪಾಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಫ್ರೀ ಮತ್ತು ಪೇಮೆಂಟ್ ಎಂದು ಅರ್ಧರ್ಧ ಹಂಚಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ, ಬಂತು. ಹಳ್ಳಿಯ ಪಿಯುಸಿ ಹುಡುಗಿಯೊಬ್ಬಳು ರ‍್ಯಾಂಕ್ ಹಿಡಿದು ಬೆಂಗಳೂರಿಗೆ ಬಂದು, ಶಿಫಾರಸಿಲ್ಲದೆ, ಪರದೆಯ ಮೇಲೆ ತನ್ನ ಕಣ್ಣೆದುರೇ ಸೀಟು ಆರಿಸಿಕೊಳ್ಳುತ್ತಿದ್ದ ಕೌನ್ಸೆಲಿಂಗ್ ಕರ್ನಾಟಕ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು.

ಇದೇ ಹೊತ್ತಿಗೆ ಬೆಂಗಳೂರಿನ ಅಂಚು ಬದಲಾಗುತ್ತಿತ್ತು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಶುರುವಾದ ವೈಟ್‌ಫೀಲ್ಡ್‌ಗೆ 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಟೆಕ್ ಪಾರ್ಕಿನ ಗೋಪುರಗಳು ಬಂದವು. ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲದಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಗೆ ಇನ್ಫೊಸಿಸ್‌ನಂಥ ಕಂಪನಿಗಳು ಜೀವ ತುಂಬಿದವು. ಕಂಪನಿಗಳ ಬೆನ್ನಿಗೇ ಕಾಲೇಜುಗಳೂ ಬಂದವು, ಕೆಲವು ಮೊದಲೇ ಇದ್ದವು. ವೈಟ್‌ಫೀಲ್ಡ್ ಬಳಿಯ ಎಂವಿಜೆ 1982ರದು. ಐಐಐಟಿ-ಬೆಂಗಳೂರು 1999ರಲ್ಲಿ ಐಟಿಪಿಎಲ್‌ನಲ್ಲೇ ತರಗತಿ ಆರಂಭಿಸಿ 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ತನ್ನ ಆವರಣಕ್ಕೆ ಹೋಯಿತು. ಹೊಸೂರು ರಸ್ತೆಯಲ್ಲಿ ಪಿಇಎಸ್‌ನ ದಕ್ಷಿಣ ಆವರಣ ಎದ್ದಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನ ಮೊದಲ ವರ್ಷಗಳನ್ನು ಅದೇ ಆವರಣದಲ್ಲಿ ಕಳೆಯಿತು. 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್‌ನ ಕೇಂದ್ರ ಕಚೇರಿ ಪೀಣ್ಯದಲ್ಲಿದೆ. ಕಿಟಕಿಯಿಂದ ಕಂಪನಿ ಕಾಣುವ ಕಾಲೇಜಿಗೆ ಮಗನನ್ನು ಸೇರಿಸಿದರೆ ಕೆಲಸ ಅರ್ಧ ಸಿಕ್ಕಂತೆ ಎಂದು ಎಷ್ಟೋ ತಂದೆತಾಯಿ ನಂಬಿದರು. ಹೊಲ ಅಡವಿಟ್ಟವರೂ ಇದ್ದರು.

ಸೇರಿದವರೆಲ್ಲ ನಿಲ್ಲುವುದಿಲ್ಲ. ಒಂದು ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕಿ ಶುಲ್ಕ ಕಟ್ಟಿದ ಮೇಲೆ ಇನ್ನೊಂದರಲ್ಲಿ ಮೇಲಾದ ಸೀಟು ಸಿಗುತ್ತದೆ. ಎಂಜಿನಿಯರಿಂಗ್‌ಗೆ ಸೇರಿದವಳಿಗೆ ಎರಡು ತಿಂಗಳ ನಂತರ ಮೆಡಿಕಲ್ ಸಿಗುತ್ತದೆ. ಇವು ಸಂತೋಷದ ಬಿಡುಗಡೆಗಳು. ಅಪ್ಪ ಕಾಯಿಲೆ ಬಿದ್ದು ಮನೆಯ ಗಳಿಕೆ ನಿಂತವನು, ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರಿನ ಗಣಿತದಲ್ಲೂ ಇಂಗ್ಲಿಷಿನಲ್ಲೂ ಒಟ್ಟಿಗೆ ಮುಳುಗಿದವನು ಬಿಡುವುದು ಬೇರೆ. ಇಬ್ಬರೂ ಕಚೇರಿಯ ಒಂದೇ ಕಿಟಕಿಗೆ ಬರುತ್ತಾರೆ. ಆ ಕಿಟಕಿಯಲ್ಲಿ ದಶಕಗಳ ಕಾಲ ಒಂದೇ ಉತ್ತರವಿತ್ತು: ನಾಲ್ಕೂ ವರ್ಷದ ಶುಲ್ಕ ಕಟ್ಟಿ, ಒರಿಜಿನಲ್ಸ್ ತೆಗೆದುಕೊಂಡು ಹೋಗಿ.

ಒರಿಜಿನಲ್ಸ್ ಎಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಪ್ರಮಾಣಪತ್ರ. ಸೇರುವ ದಿನ ಪರಿಶೀಲನೆಗೆಂದು ಪಡೆದ ಇವು ಕಾಲೇಜಿನ ಬೀರುವಿನಲ್ಲಿ ಕೂತುಬಿಡುತ್ತಿದ್ದವು. ಅವಿಲ್ಲದೆ ಬೇರೆ ಕಾಲೇಜೂ ಇಲ್ಲ, ಸರ್ಕಾರಿ ಕೆಲಸದ ಅರ್ಜಿಯೂ ಇಲ್ಲ. ಯಾವ ಕಾಯ್ದೆಯೂ ಮಕ್ಕಳ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕನ್ನು ಕಾಲೇಜುಗಳಿಗೆ ಕೊಟ್ಟಿರಲಿಲ್ಲ. ಆದರೂ ಅದು ನಡೆಯಿತು, ಏಕೆಂದರೆ ವಕೀಲರನ್ನು ಹಿಡಿಯುವ ಶಕ್ತಿಯಿದ್ದವರು ಕಡಿಮೆ, ಪ್ರವೇಶದ ಕೊನೆಯ ದಿನಾಂಕ ಕೋರ್ಟಿನ ತಾರೀಖಿಗಾಗಿ ಕಾಯುವುದಿಲ್ಲ.

ಬಿಡುವವನ ಬಗ್ಗೆ ಸುಪ್ರೀಂ ಕೋರ್ಟು ನೇರವಾಗಿ ಮಾತಾಡಿದ್ದು 2003ರ ಆಗಸ್ಟ್‌ನಲ್ಲಿ, ಅದೂ ಕರ್ನಾಟಕದ್ದೇ ಮೊಕದ್ದಮೆಯಲ್ಲಿ. ಹಿಂದಿನ ವರ್ಷ ಹನ್ನೊಂದು ನ್ಯಾಯಮೂರ್ತಿಗಳು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳಿಗೆ ಸ್ವಾಯತ್ತತೆ ಕೊಟ್ಟಿದ್ದರು. ಅದರ ಅರ್ಥ ಬಿಡಿಸಲು ಬಂದದ್ದು ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ. ಕೋರ್ಸಿನ ಪೂರ್ತಿ ಶುಲ್ಕವನ್ನು ಒಮ್ಮೆಲೇ ಮುಂಗಡ ವಸೂಲು ಮಾಡುವಂತಿಲ್ಲ, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ್ದನ್ನಷ್ಟೇ ತೆಗೆದುಕೊಳ್ಳಬೇಕು ಎಂದಿತು ಪೀಠ. ಈಗಾಗಲೇ ಹೆಚ್ಚು ವಸೂಲಾಗಿದ್ದರೆ ಆ ಹಣ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಯಲ್ಲಿರಬೇಕು, ಅದರ ಮೇಲೆ ಸಾಲ ಎತ್ತುವಂತಿಲ್ಲ, ಬಡ್ಡಿ ವಿದ್ಯಾರ್ಥಿಗೇ ಸೇರಬೇಕು. ವಿದ್ಯಾರ್ಥಿಪರವಾದ ಮಾತುಗಳಿವು. ಅದೇ ಪರಿಚ್ಛೇದದಲ್ಲಿ ಇನ್ನೊಂದು ಮಾತೂ ಇದೆ. ಯಾವ ವಿದ್ಯಾರ್ಥಿಯಾದರೂ ನಡುವೆ ಬಿಟ್ಟು ಹೋದಾನು ಎಂಬ ಅಳುಕಿದ್ದರೆ, ಉಳಿದ ಶುಲ್ಕಕ್ಕಾಗಿ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು.

ಕಾಲೇಜುಗಳ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಅರವತ್ತು ಸೀಟಿನ ತರಗತಿಯಲ್ಲಿ ಒಬ್ಬ ಎದ್ದು ಹೋದರೆ ಅಧ್ಯಾಪಕರ ಸಂಬಳ, ಪ್ರಯೋಗಾಲಯದ ಖರ್ಚು ಕಡಿಮೆಯಾಗುವುದಿಲ್ಲ, ಆ ಜಾಗಕ್ಕೆ ವರ್ಷದ ನಡುವೆ ಬೇರೊಬ್ಬನನ್ನು ತರಲೂ ಆಗುವುದಿಲ್ಲ. ಆದರೆ ಪೀಠ ‘ಹೆಚ್ಚೆಂದರೆ’ ಎಂದು ಹಾಕಿದ ಮಿತಿಯನ್ನು ಹಲವು ಕಚೇರಿಗಳು ಮಾಮೂಲಿ ನಿಯಮದಂತೆ ಓದಿಕೊಂಡವು. ತೀರ್ಪಿನಲ್ಲಿದ್ದ ಬಾಂಡು ಸೇರುವ ದಿನದ ಫಾರಂಗಳ ನಡುವೆ ಇನ್ನೊಂದು ಫಾರಂ ಆಯಿತು. ಠೇವಣಿಯ ಬಡ್ಡಿ ನನಗೆ ಬರಬೇಕು ಎಂದು ಕೇಳಿದ ವಿದ್ಯಾರ್ಥಿಯ ಸುದ್ದಿ ಮಾತ್ರ ಕೇಳಿಬರಲಿಲ್ಲ.

2007ರ ಏಪ್ರಿಲ್ 23ರಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಡಿಸಿದ ಸಾರ್ವಜನಿಕ ಪ್ರಕಟಣೆ ಈ ಕಥೆಯ ತಿರುವು. ತರಗತಿ ಶುರುವಾಗುವ ಮೊದಲೇ ಬಿಟ್ಟವನಿಗೆ 1,000 ರೂಪಾಯಿ ಮೀರದ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ ಹಿಂದಿರುಗಿಸಬೇಕು, ಆ ಸೀಟನ್ನು ಕಾಯುವ ಪಟ್ಟಿಯವರಿಗೆ ಕೊಡಬೇಕು. ಸೇರಿದ ಮೇಲೆ ಬಿಟ್ಟು, ಪ್ರವೇಶದ ಕೊನೆಯ ದಿನದೊಳಗೆ ಆ ಜಾಗ ತುಂಬಿದರೆ, ಕಳೆದ ತಿಂಗಳುಗಳ ಶುಲ್ಕವನ್ನೂ ಹಾಸ್ಟೆಲ್ ಬಾಡಿಗೆಯನ್ನೂ ಅದೇ ಪ್ರಮಾಣದಲ್ಲಿ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಕೂಡದು. ತಿಂಗಳ ಲೆಕ್ಕದ ಮಾತು ಕಾಲೇಜು ಬಿಡುವವನ ಪಾಲಿಗೆ ಬಂದದ್ದು ಆಗ.

2016ರಲ್ಲಿ, ಮತ್ತೆ 2018ರ ಅಕ್ಟೋಬರ್‌ನಲ್ಲಿ ಯುಜಿಸಿ ಇದನ್ನು ಕೋಷ್ಟಕವಾಗಿಸಿತು. 2018ರ ಕೋಷ್ಟಕದಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನವೋ ಅದಕ್ಕೂ ಮೊದಲೋ ಬಿಟ್ಟರೆ ಶೇ 100, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನದ ನಂತರದ ಹದಿನೈದು ದಿನದೊಳಗೆ ಶೇ 80, ಮೂವತ್ತು ದಿನದೊಳಗೆ ಶೇ 50. ಆಮೇಲೆ ಸೊನ್ನೆ. ಕೋವಿಡ್ ಬಂದಾಗ ಈ ದಿನಾಂಕಗಳು ಸಡಿಲವಾದವು. 2022ರಲ್ಲಿ ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಪೂರ್ತಿ ಹಣ, ಡಿಸೆಂಬರ್ 31ರವರೆಗೆ 1,000 ರೂಪಾಯಿ ಮೀರದ ಕಡಿತ. 2023 ಮತ್ತು 2024ರಲ್ಲಿ ಆ ಎರಡು ಗಡುವುಗಳು ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 31ಕ್ಕೆ ಹಿಂದೆ ಸರಿದವು.

ಈ ದಿನಾಂಕಗಳನ್ನು ಕರ್ನಾಟಕದ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಬೇಕು. ಕೌನ್ಸೆಲಿಂಗ್ ಸುತ್ತುಗಳು ಎಳೆದು ಎಳೆದು ಎಂಜಿನಿಯರಿಂಗ್ ಮೊದಲ ವರ್ಷದ ತರಗತಿಗಳು ಸೆಪ್ಟೆಂಬರಿಗೋ ಅದರಾಚೆಗೋ ಶುರುವಾಗುವುದು ವಾಡಿಕೆ. ಮೇಲಾದ ಸೀಟು ಸಿಕ್ಕವರು ಅಷ್ಟರಲ್ಲಿ ಹೊರಟಿರುತ್ತಾರೆ. ಅವರಿಗೆ ಕೋಷ್ಟಕ ನೆರವಾಗುತ್ತದೆ, ಆಗಬೇಕಾದದ್ದೇ. ಮೊದಲ ಇಂಟರ್ನಲ್ಸ್‌ನಲ್ಲಿ ಸೋತವನಿಗೆ, ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಸ್ಥಿತಿ ಕಂಡವನಿಗೆ ತಾನು ಓದಲಾರೆ ಎಂದು ತಿಳಿಯುವ ಹೊತ್ತಿಗೆ ಕೋಷ್ಟಕದ ಕೊನೆಯ ಸಾಲು ಬಂದಿರುತ್ತದೆ.

ಹಕ್ಕು ಬಂದರೂ ಕೇಳುವ ಜಾಗ ಕಿರಿದಾಯಿತು. ಒಂದು ಕಾಲದಲ್ಲಿ ಶುಲ್ಕ ವಾಪಸಿನ ದೂರುಗಳು ಜಿಲ್ಲಾ ಗ್ರಾಹಕ ವೇದಿಕೆಗಳಿಗೆ ಹೋಗುತ್ತಿದ್ದವು. ಖರ್ಚು ಕಡಿಮೆ, ವಕೀಲರಿಲ್ಲದೆಯೂ ವಾದಿಸಬಹುದಿತ್ತು. ಶಿಕ್ಷಣ ಸರಕಲ್ಲ, ಆದ್ದರಿಂದ ಕಾಲೇಜು ಸೇವೆ ಮಾರುವ ಅಂಗಡಿಯಲ್ಲ ಎಂದು 2010ರ ಸುರ್ಜೀತ್ ಕೌರ್ ಮತ್ತು 2012ರ ಪಿ.ಟಿ. ಕೋಶಿ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಮನು ಸೋಲಂಕಿ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಶಿಕ್ಷಣ ಸರಕಲ್ಲ ಎಂಬುದು ಉದಾತ್ತ ತತ್ವ. ಅದರ ಫಲ ಉಂಡವರು ಮಾತ್ರ ವಿದ್ಯಾರ್ಥಿಗಳಲ್ಲ.

ಖಾಲಿಯಾದ ಸೀಟಿಗೆ ಬೆಲೆಯಿದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ದಲ್ಲಾಳಿಗಳು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚಿದ ಸೀಟಿಗೆ ಅಭ್ಯರ್ಥಿ ಕೊನೆಯ ಸುತ್ತಿನವರೆಗೂ ಸೇರದೆ ಉಳಿದರೆ ಆ ಸೀಟು ಆಡಳಿತ ಮಂಡಳಿಯ ಕೈಗೆ ಹೋಗುತ್ತದೆ. ಅಲ್ಲಿ ಅದರ ದರ ಬೇರೆ. ಸೇರುವ ಉದ್ದೇಶವೇ ಇಲ್ಲದವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಹಿಡಿದಿಟ್ಟು ಬಿಟ್ಟುಕೊಡಿಸುವ ದಂಧೆಯ ಬಗ್ಗೆ 2024ರ ನವೆಂಬರ್‌ನಲ್ಲಿ ಕೆಇಎ ಮಲ್ಲೇಶ್ವರ ಪೊಲೀಸರಿಗೆ ದೂರು ಕೊಟ್ಟಿತು, ಮರುತಿಂಗಳು ಬಂಧನಗಳಾದವು. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನಲ್ಲಿ ಶೋಧ ನಡೆಸಿತು. ಸೀಟು ಬಿಡುವವರ ಮೇಲೆ ದಂಡ ಹೆಚ್ಚಿಸಬೇಕೆಂಬ ಕೂಗು ಇಂಥ ಸುದ್ದಿಗಳ ಬೆನ್ನಿಗೆ ಏಳುತ್ತದೆ. ದಲ್ಲಾಳಿಗೆ ಹಾಕಿದ ದಂಡ ಕಷ್ಟಕ್ಕೆ ಸಿಕ್ಕಿ ಬಿಟ್ಟ ಹುಡುಗನ ಮೇಲೂ ಬೀಳುತ್ತದೆ ಎಂಬುದನ್ನು ನಿಯಮ ಬರೆಯುವವರು ಮರೆಯಬಾರದು.

ಇಲ್ಲಿಯವರೆಗಿನದು ಸ್ವಂತ ಹಣ ಕಟ್ಟಿದವರ ಮಾತು. ಸರ್ಕಾರ ಶುಲ್ಕ ಕಟ್ಟಿದ ವಿದ್ಯಾರ್ಥಿ ಬಿಟ್ಟರೆ? ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಶುರುವಾದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಈ ದೇಶದ ಅತಿ ಹಳೆಯ, ಅತಿ ದೊಡ್ಡ ನೆರವುಗಳಲ್ಲಿ ಒಂದು. ಇದರ ನಿಯಮಾವಳಿಯಲ್ಲಿ ಒಂದು ಸಾಲಿದೆ: ವರ್ಷದ ನಡುವೆ ಓದು ನಿಲ್ಲಿಸಿದವನಿಂದ ವಿದ್ಯಾರ್ಥಿವೇತನದ ಹಣವನ್ನು ರಾಜ್ಯ ಸರ್ಕಾರ ತನ್ನ ವಿವೇಚನೆಯಂತೆ ವಾಪಸು ಪಡೆಯಬಹುದು. ವಾಪಸು ಕೊಡಬೇಕಾದವನು ವಿದ್ಯಾರ್ಥಿ. ಪಾಠ ನಡೆಯದ ತಿಂಗಳುಗಳ ಶುಲ್ಕವನ್ನು ಇಟ್ಟುಕೊಂಡ ಕಾಲೇಜಿನ ಬಗ್ಗೆ ಆ ಸಾಲಿನಲ್ಲಿ ಮಾತಿಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ 59,048 ಕೋಟಿ ರೂಪಾಯಿಗಳ ಐದು ವರ್ಷದ ಯೋಜನೆಗೆ ಒಪ್ಪಿಗೆ ಕೊಟ್ಟು, ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳ ನಡುವೆ 60:40ರಂತೆ ಹಂಚಿತು. ಕೇಂದ್ರದ ಪಾಲು ಈಗ ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಅದನ್ನು ಕಾಲೇಜಿಗೆ ಕಟ್ಟುವ ಹೊಣೆ ಅವನದು. ಹಣ ತಡವಾಗಿ ಬಂದರೆ, ಅಷ್ಟರಲ್ಲಿ ಅವನು ಕಾಲೇಜು ಬಿಟ್ಟಿದ್ದರೆ, ಕಾಲೇಜಿನ ಬಾಕಿಯೂ ಸರ್ಕಾರದ ಕಡತವೂ ಹದಿನೆಂಟು ವರ್ಷದ ಒಬ್ಬನ ಹೆಗಲ ಮೇಲೆ ಬಂದು ಕೂರುತ್ತವೆ.

ಅಮೆರಿಕ ಇದೇ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿತು. ಅಲ್ಲಿ ಹುಟ್ಟಿದ ಕನ್ನಡ ಮನೆಗಳ ಮಕ್ಕಳೂ ಅರ್ಜಿ ಹಾಕುವ ಫೆಡರಲ್ ನೆರವಿನ ಮೂಲ 1965ರ ಉನ್ನತ ಶಿಕ್ಷಣ ಕಾಯ್ದೆ. 1998ರ ತಿದ್ದುಪಡಿಯಂತೆ, ನೆರವು ಪಡೆದ ವಿದ್ಯಾರ್ಥಿ ಸೆಮಿಸ್ಟರಿನ ನಡುವೆ ಬಿಟ್ಟರೆ ದಿನಗಳನ್ನು ಎಣಿಸುತ್ತಾರೆ. ನೂರು ದಿನದ ಅವಧಿಯಲ್ಲಿ ಮೂವತ್ತು ದಿನ ಕಳೆದಿದ್ದರೆ ನೆರವಿನ ಶೇ 30 ಅವನು ಗಳಿಸಿದ್ದು. ಶೇ 60 ದಾಟಿದ ಮೇಲೆ ಪೂರ್ತಿ ಗಳಿಸಿದಂತೆ. ಗಳಿಸದ ಹಣದಲ್ಲಿ ತನ್ನ ಪಾಲನ್ನು ಕಾಲೇಜು, ವಿದ್ಯಾರ್ಥಿ ಬಿಟ್ಟದ್ದು ಖಚಿತವಾದ 45 ದಿನದೊಳಗೆ, ಸರ್ಕಾರಕ್ಕೆ ಮರಳಿಸಬೇಕು. ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಕಾಲೇಜೇ. ಈ ಪದ್ಧತಿಗೂ ಮುಳ್ಳಿದೆ. ಸರ್ಕಾರಕ್ಕೆ ಹಣ ಮರಳಿಸಿದ ಕಾಲೇಜು ಆ ಕೊರತೆಯನ್ನು ಬಾಕಿ ಶುಲ್ಕವೆಂದು ವಿದ್ಯಾರ್ಥಿಯ ಮೇಲೆ ಬರೆಯಬಹುದು. ಬಾಕಿ ತೀರದಿದ್ದರೆ ಅಂಕಪಟ್ಟಿ ತಡೆಹಿಡಿಯುವ ಚಾಳಿ ಅಲ್ಲಿನ ಕಾಲೇಜುಗಳಲ್ಲೂ ಇತ್ತು. ಆದರೆ ಸಾರ್ವಜನಿಕ ಹಣಕ್ಕೆ ಮೊದಲು ಉತ್ತರ ಹೇಳಬೇಕಾದದ್ದು ಸಂಸ್ಥೆ ಎಂಬ ಒಂದು ವಿಷಯದಲ್ಲಿ ಆ ನಿಯಮ ನಮ್ಮದಕ್ಕಿಂತ ನೇರವಾಗಿದೆ.

ಕರ್ನಾಟಕಕ್ಕೆ ಇಂಥ ಎಣಿಕೆ ಕಷ್ಟವಲ್ಲ. ವಿದ್ಯಾರ್ಥಿವೇತನದ ಅರ್ಜಿ, ಆಧಾರ್, ಕಾಲೇಜಿನ ದೃಢೀಕರಣ ಎಲ್ಲವೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾದುಹೋಗುತ್ತವೆ. ಪ್ರವೇಶದ ದಾಖಲೆ ಕೆಇಎ ಬಳಿ ಇದೆ. ಇಷ್ಟು ಮಾಹಿತಿ ಇರುವಲ್ಲಿ ಬಿಟ್ಟ ದಿನಾಂಕವನ್ನು ದಾಖಲಿಸಿ ಅಲ್ಲಿಂದ ಲೆಕ್ಕ ಹಾಕಲು ಬೇಕಾದದ್ದು ಒಂದು ಆದೇಶ.

ನಾಲ್ಕು ವರ್ಷವೂ ಸೀಟು ಖಾಲಿ ಉಳಿದು ನಷ್ಟವಾಗುತ್ತದೆ ಎಂಬ ಹಳೆಯ ವಾದವೂ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುತ್ತಾರೆ. ಮಂಜೂರಾದ ಸಂಖ್ಯೆಯ ಮೇಲೆ ಅವರಿಗೆ ಶೇ 10 ಸೀಟು ಇರುವುದಲ್ಲದೆ, ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟುಗಳೂ ಸಿಗುತ್ತವೆ. ಪಾಲಿಟೆಕ್ನಿಕ್ ಮುಗಿಸಿ ಪೀಣ್ಯದಲ್ಲಿ ಒಂದೆರಡು ವರ್ಷ ದುಡಿದು ಮತ್ತೆ ಓದಲು ಬರುವವರ ದಾರಿ ಇದೇ. ಹೀಗೆ ತುಂಬಿದ ಜಾಗಕ್ಕೆ ಬಂದವನು ತನ್ನ ಮೂರು ವರ್ಷದ ಶುಲ್ಕ ಕಟ್ಟುತ್ತಾನೆ. ಹಾಗಿದ್ದೂ ಬಿಟ್ಟುಹೋದವನ ಬಾಂಡಿನ ಆಧಾರದ ಮೇಲೆ ಅದೇ ಮೂರು ವರ್ಷದ ಹಣ ಕೇಳಿದರೆ ಒಂದು ಸೀಟಿಗೆ ಇಬ್ಬರಿಂದ ವಸೂಲು ಮಾಡಿದಂತೆ. 2003ರ ಪೀಠ ಇದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ.

ಯುಜಿಸಿ 2023ರಲ್ಲಿ ತಂದ ಕುಂದುಕೊರತೆ ನಿಯಮಗಳ ಪ್ರಕಾರ ಪ್ರತಿ ವಿಶ್ವವಿದ್ಯಾಲಯಕ್ಕೂ ಒಬ್ಬ ಒಂಬುಡ್ಸ್‌ಪರ್ಸನ್ ಇರಬೇಕು. ಶುಲ್ಕ ಹಿಂದಿರುಗಿಸದಿರುವುದೂ, ಪ್ರಮಾಣಪತ್ರ ಹಿಡಿದಿಡುವುದೂ ದೂರಿನ ವಿಷಯಗಳೇ. ಮೊದಲು ಕಾಲೇಜಿನ ಸಮಿತಿಗೆ, ಅಲ್ಲಿ ಬಗೆಹರಿಯದಿದ್ದರೆ ಒಂಬುಡ್ಸ್‌ಪರ್ಸನ್‌ಗೆ ಬರೆಯಬಹುದು. ವೈಟ್‌ಫೀಲ್ಡಿನಿಂದ ಹೊಸೂರು ರಸ್ತೆಯವರೆಗಿನ ಕಾಲೇಜುಗಳ ಪ್ರವೇಶ ವಿಭಾಗದ ಗೋಡೆಗಳಲ್ಲಿ ಪ್ಲೇಸ್‌ಮೆಂಟ್ ಅಂಕಿಗಳ ಪಕ್ಕದಲ್ಲೇ ಆ ಅಧಿಕಾರಿಯ ಹೆಸರು ಮತ್ತು ವಿಳಾಸವನ್ನು, ಶುಲ್ಕ ವಾಪಸಿನ ಕೋಷ್ಟಕವನ್ನು, ಕನ್ನಡದಲ್ಲಿ ಬರೆದು ಹಾಕುವುದು ಈ ವರ್ಷವೇ ಆಗಬಹುದಾದ ಕೆಲಸ.